ಮೊಲ ವೈರು, ಸೋಫಾ, ಗೋಡೆ ಎಲ್ಲ ಕಡಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಐದೂವರೆ ತಿಂಗಳಿನ ಬಿಳಿ ಮೊಲವಿದೆ. ಮರಿಯಿದ್ದಾಗ ಅಂಗಡಿಯಿಂದ ತಂದದ್ದು, ಗಂಡು ಎಂದು ಹೇಳಿ ಕೊಟ್ಟರು. ನಾಲ್ಕು ತಿಂಗಳವರೆಗೂ ಬಲು ಸಾಧುವಾಗಿತ್ತು. ಈಗೊಂದು ತಿಂಗಳಿಂದ ಸಿಕ್ಕಿದ್ದೆಲ್ಲ ಕಡಿಯುತ್ತಿದೆ. ವೈಫೈ ವೈರು ಮೂರು ಸಲ ತುಂಡಾಯಿತು, ಫೋನ್ ಚಾರ್ಜರ್ ಎರಡು ಹೋದವು. ಸೋಫಾದ ಅಡಿಯ ಬಟ್ಟೆ ಹರಿದು ಒಳಗೇ ಹೋಗಿ ಕೂರುತ್ತದೆ. ಹಾಲಿನ ಒಂದು ಮೂಲೆಯಲ್ಲಿ ಗೋಡೆಯ ಪುಟ್ಟಿ ಕೆರೆಯುತ್ತದೆ. ರಾತ್ರಿ ಪಂಜರದ ಸರಳು ಕಡಿಯುವ ಸದ್ದಿಗೆ ನಿದ್ದೆಯಿಲ್ಲ. ದಿನಕ್ಕೆ ಎರಡು ಹೊತ್ತು ಬಟ್ಟಲು ತುಂಬ ಪೆಲೆಟ್ (ಅಂಗಡಿಯ ಗುಳಿಗೆ ಆಹಾರ), ಕ್ಯಾರೆಟ್, ಕೊತ್ತಂಬರಿ ಕೊಡುತ್ತೇವೆ. ಒಣಹುಲ್ಲು ಇಟ್ಟರೆ ಅಷ್ಟಾಗಿ ಮುಟ್ಟುವುದಿಲ್ಲ. ಹಲ್ಲು ಬೆಳೆಯುತ್ತಿದೆ, ಕಚ್ಚಲು ಕಲ್ಲು ಇಡಿ ಅಂತ ಅಂಗಡಿಯವರು. ಕ್ಯಾಲ್ಸಿಯಂ ಕಮ್ಮಿ ಅಂತ ಪಕ್ಕದ ಮನೆಯವರು. ವೈರಿಗೆ ಖಾರದ ಪುಡಿ ಹಚ್ಚು ಅಂತ ನಮ್ಮತ್ತೆ. ಯಾವುದು ಸರಿ? ಆಪರೇಷನ್ ಮಾಡಿಸಿದರೆ ನಿಲ್ಲುತ್ತದೆಯೇ?
(ಒಬ್ಬ ಓದುಗರು, ದಾವಣಗೆರೆ)

ಉತ್ತರ: ಮೊದಲು ವೈರಿನ ಮಾತು ಮುಗಿಸೋಣ. ಉಳಿದದ್ದಕ್ಕೆಲ್ಲ ವಾರಗಟ್ಟಲೆ ಸಮಯವಿದೆ, ಇದಕ್ಕಿಲ್ಲ.

ಐದು ವೈರು ತುಂಡರಿಸಿಯೂ ನಿಮ್ಮ ಮೊಲ ಓಡಾಡಿಕೊಂಡಿದೆ ಎಂದರೆ ಅದು ಕಡಿದದ್ದು ಅಡಾಪ್ಟರಿನಿಂದ ಈಚೆಗಿನ ಭಾಗ. ಅಲ್ಲಿರುವುದು ಸಾಮಾನ್ಯವಾಗಿ 5 ಅಥವಾ 12 ವೋಲ್ಟ್. ಅದೇ ಮೂಲೆಯ ಟಿವಿ ವೈರಿನಲ್ಲಿ, ಎಕ್ಸ್‌ಟೆನ್ಷನ್ ಬೋರ್ಡಿನ ವೈರಿನಲ್ಲಿ 230 ವೋಲ್ಟ್ ಇರುತ್ತದೆ. ಮೊಲಕ್ಕೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಇವತ್ತೇ ಅದು ಓಡಾಡುವ ಕೋಣೆಯ ನೆಲಮಟ್ಟದ ವೈರುಗಳ ಪ್ಲಗ್ ಕಿತ್ತುಬಿಡಿ. ನಾಳೆ ಎಲೆಕ್ಟ್ರಿಕಲ್ ಅಂಗಡಿಯಿಂದ ಕೇಸಿಂಗ್ ಪಟ್ಟಿ ತಂದು ಗೋಡೆಗುಂಟ ಹೋಗುವ ವೈರನ್ನೆಲ್ಲ ಅದರೊಳಗೆ ಹಾಕಿಸಿ. ಗೋಡೆಗೆ ಅಂಟದ ವೈರಿಗೆ 20 ಅಥವಾ 25 ಮಿ.ಮೀ. ಗಟ್ಟಿ ಪಿವಿಸಿ ಪೈಪು ಆಗುತ್ತದೆ. ಪ್ಲಗ್ ತೂರದಿದ್ದರೆ ಪೈಪನ್ನು ಉದ್ದಕ್ಕೆ ಸೀಳಿ ವೈರು ಒಳಗೆ ಕೂರಿಸಿ, ಸೀಳಿದ ಬದಿ ಗೋಡೆಯ ಕಡೆ ಇರಲಿ. ಮಾರುಕಟ್ಟೆಯಲ್ಲಿ ಸಿಗುವ ಮೆತ್ತನೆಯ ಸುರುಳಿ ಸ್ಲೀವ್, ತೋಟದ ನೀರಿನ ಪೈಪು ಇವೆಲ್ಲ ಕಡಿತವನ್ನು ಮುಂದೂಡುತ್ತವೆ, ತಡೆಯುವುದಿಲ್ಲ. ವಾರಕ್ಕೊಮ್ಮೆ ಬೆರಳಾಡಿಸಿ ನೋಡುವ ಶಿಸ್ತಿದ್ದರೆ ಮಾತ್ರ ಅವನ್ನು ನಂಬಿ.

‘ನಮ್ಮ ಮನೆಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿಸಿದ್ದೇವೆ, ಶಾಕ್ ಹೊಡೆಯಲ್ಲ’ ಎನ್ನುವವರಿದ್ದಾರೆ. ಪೂರ್ತಿ ನಿಜವಲ್ಲ. 30 ಮಿಲಿ ಆಂಪ್‌ನ ಆರ್‌ಸಿಸಿಬಿ ಕರೆಂಟು ನೆಲಕ್ಕೆ ಸೋರಿದಾಗ ಬೀಳುತ್ತದೆ. ಮೊಲದ ಬಾಯಿಯಲ್ಲಿ ಫೇಸೂ ನ್ಯೂಟ್ರಲೂ ಒಟ್ಟಿಗೆ ಸಿಕ್ಕಿದರೆ, ಹೋದ ಕರೆಂಟು ನ್ಯೂಟ್ರಲ್‌ನಲ್ಲೇ ವಾಪಸು ಬರುವುದರಿಂದ ಅದಕ್ಕೆ ಸೋರಿಕೆ ಕಾಣುವುದಿಲ್ಲ. ಮನೆಯವರ ದೃಷ್ಟಿಯಿಂದ ಇರಲೇಬೇಕಾದದ್ದು, ಮೊಲಕ್ಕೆ ಅದರ ಮೇಲೆ ಭರವಸೆ ಬೇಡ.

ಒಂದು ವೇಳೆ ಶಾಕ್ ಹೊಡೆದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಮುಟ್ಟಿ. ತುಟಿ, ನಾಲಿಗೆ, ಬಾಯಿಯ ಮೂಲೆಯಲ್ಲಿ ಬೆಳ್ಳಗೋ ಕಂದಾಗೋ ಸುಟ್ಟ ಗುರುತಿದೆಯೇ ನೋಡಿ. ಎದ್ದು ಓಡಾಡಿತೆಂದು ಸುಮ್ಮನಾಗಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ. ಮೊಲ ಮೂಗಿನಲ್ಲೇ ಉಸಿರಾಡುವ ಪ್ರಾಣಿ. ಬಾಯಿ ತೆರೆದು ಉಸಿರಾಡತೊಡಗಿದರೆ ಜೀವಕ್ಕೆ ಅಪಾಯವಿದೆ ಎಂದೇ ಅರ್ಥ.

ಈಗ ನಿಮಗೆ ಸಿಕ್ಕಿರುವ ಮೂರು ಸಲಹೆಗಳು.

ಹಲ್ಲು ಬೆಳೆಯುತ್ತದೆ ಎಂಬುದು ಸತ್ಯ. ಮೊಲಕ್ಕೆ ಒಟ್ಟು 28 ಹಲ್ಲು, ಅಷ್ಟೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿ.ಮೀ. ಬೆಳೆಯುತ್ತದೆ. ಆದರೆ ಅದಕ್ಕಾಗಿ ಸಿಕ್ಕಿದ್ದನ್ನು ಕಡಿಯುತ್ತದೆ, ಕಲ್ಲಿಟ್ಟರೆ ಸರಿಹೋಗುತ್ತದೆ ಎಂಬುದು ಅರ್ಧ ತಿಳಿವಳಿಕೆ. ಬಾಚಿಹಲ್ಲುಗಳು ಮೇಲಿನದು ಕೆಳಗಿನದಕ್ಕೆ ತೀಡಿಕೊಂಡು ತಾವೇ ಸವೆಯುತ್ತವೆ. ನಿಜವಾಗಿ ತೊಂದರೆ ಬರುವುದು ಒಳಗಿನ ದವಡೆಹಲ್ಲುಗಳಿಗೆ, ಅವನ್ನು ಸವೆಸುವುದು ಹುಲ್ಲು ಮಾತ್ರ. ಹುಲ್ಲು ತಿನ್ನುವಾಗ ಕೆಳದವಡೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಅಡ್ಡಡ್ಡ ಆಡುತ್ತದೆ, ಬೀಸುವ ಕಲ್ಲಿನ ಹಾಗೆ. ಪೆಲೆಟ್ಟನ್ನು ಮೊಲ ಪುಡಿ ಮಾಡಿ ನುಂಗುತ್ತದೆ, ಅಷ್ಟು ಅರೆಯುವ ಕೆಲಸ ಅದರಲ್ಲಿಲ್ಲ. ಕಲ್ಲು, ಒಣ ರೊಟ್ಟಿ, ಗಟ್ಟಿ ಬಿಸ್ಕತ್ತು ಯಾವುದೂ ಒಳಹಲ್ಲಿನ ತನಕ ತಲುಪುವುದಿಲ್ಲ. ಬಿಸ್ಕತ್ತಿನ ಹಿಟ್ಟು ಸಕ್ಕರೆ ಕರುಳಿಗೆ ಕೆಡುಕು ಬೇರೆ. ಹುಟ್ಟಿನಿಂದಲೇ ದವಡೆ ಸರಿಹೊಂದದೆ ಬಾಚಿಹಲ್ಲು ಹೊರಚಾಚುವ ಮೊಲಗಳೂ ಇವೆ, ಮೂತಿ ಮೊಟಕಾದ ಕುಳ್ಳ ತಳಿಗಳಲ್ಲಿ ಹೆಚ್ಚು. ಅಂಥದ್ದಕ್ಕೆ ಎಷ್ಟು ಕಟ್ಟಿಗೆ ಕೊಟ್ಟರೂ ಹಲ್ಲು ನೆಟ್ಟಗಾಗದು. ವೈದ್ಯರು ಆಗಾಗ ತಿಕ್ಕಿ ಗಿಡ್ಡ ಮಾಡಬೇಕು, ಇಲ್ಲವೇ ಕೀಳಬೇಕು. ಉಗುರು ಕತ್ತರಿಸುವ ಕಟರಿನಲ್ಲಿ ಮನೆಯಲ್ಲೇ ಕತ್ತರಿಸಲು ಹೋಗಬೇಡಿ, ಹಲ್ಲು ಬುಡದ ತನಕ ಸೀಳಿಕೊಳ್ಳುತ್ತದೆ.

ಕ್ಯಾಲ್ಸಿಯಂ ಮಾತು ಕೇಳಲು ಸರಿಯೆನಿಸುತ್ತದೆ, ಗೋಡೆ ಕೆರೆಯುತ್ತದಲ್ಲ! ಆದರೆ ಮೊಲದ ದೇಹ ಆಹಾರದಲ್ಲಿ ಎಷ್ಟು ಕ್ಯಾಲ್ಸಿಯಂ ಇದೆಯೋ ಹೆಚ್ಚುಕಮ್ಮಿ ಅಷ್ಟನ್ನೂ ಹೀರಿಕೊಂಡು, ಬೇಡವಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಪೆಲೆಟ್ ತಿನ್ನುವ ಮೊಲಕ್ಕೆ ಕೊರತೆ ಬರುವುದು ಅಪರೂಪ. ಮೇಲಿಂದ ಕ್ಯಾಲ್ಸಿಯಂ ಹನಿ, ಮಿನರಲ್ ಬ್ಲಾಕ್ ಕೊಟ್ಟರೆ ಮೂತ್ರಕೋಶದಲ್ಲಿ ಸುಣ್ಣದ ಕೆಸರು ಕೂರುತ್ತದೆ. ಕಾಳು, ಬೀಜ, ಬಣ್ಣದ ಚೂರು ಬೆರೆಸಿದ ಮಿಶ್ರಣ ತಿನ್ನಿಸುವವರ ಮನೆಯಲ್ಲಿ ಮಾತ್ರ ಈ ಅನುಮಾನಕ್ಕೆ ಜಾಗವುಂಟು. ಮೊಲ ಅದರಲ್ಲಿ ರುಚಿಯಾದದ್ದನ್ನು ಆರಿಸಿ ತಿಂದು ಉಳಿದದ್ದು ಬಿಡುತ್ತದೆ.

ಅತ್ತೆಯವರ ಖಾರದ ಪುಡಿ ಬೇಡ. ಮೊಲ ಮುಂಗಾಲಿನಿಂದ ಮುಖ ಒರೆಸಿಕೊಳ್ಳುವ ಪ್ರಾಣಿ, ಖಾರ ನೇರ ಕಣ್ಣಿಗೆ ಹೋಗುತ್ತದೆ. ಅಂಗಡಿಯ ಕಹಿ ಸ್ಪ್ರೇ ಅಪಾಯವಿಲ್ಲ, ಪ್ರಯೋಜನವೂ ಅಷ್ಟಕ್ಕಷ್ಟೆ. ಮೊಲಗಳಲ್ಲಿ ಹಲವು ಕಹಿ ಸೊಪ್ಪನ್ನೇ ಇಷ್ಟಪಟ್ಟು ತಿನ್ನುತ್ತವೆ.

ಹಾಗಾದರೆ ಏಕೆ ಕಡಿಯುತ್ತದೆ? ನಿಮ್ಮ ಪತ್ರದಲ್ಲಿ ನಾಲ್ಕು ಬೇರೆಬೇರೆ ಕಡಿತಗಳಿವೆ. ಎಲ್ಲವನ್ನೂ ಒಂದೇ ರೋಗವೆಂದು ನೋಡಿದ್ದರಿಂದಲೇ ಮೂರು ಮಂದಿ ಮೂರು ಮದ್ದು ಹೇಳಿದ್ದಾರೆ. ಎಲ್ಲಿ, ಯಾವ ಹೊತ್ತಿನಲ್ಲಿ ಕಡಿಯುತ್ತದೆ, ಕಡಿದದ್ದನ್ನು ನುಂಗುತ್ತದೆಯೇ ಉಗುಳುತ್ತದೆಯೇ ಎಂದು ನಾಲ್ಕು ದಿನ ಗಮನಿಸಿ ಬರೆದಿಡಿ.

ವೈರಿನ ತುಂಡು ಕೈಗೆತ್ತಿಕೊಂಡು ನೋಡಿ. ಬ್ಲೇಡಿನಲ್ಲಿ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ, ಜಗಿದ ಗುರುತು ಇರುವುದಿಲ್ಲ, ಎರಡು ತುಂಡೂ ಅಲ್ಲೇ ಬಿದ್ದಿರುತ್ತವೆ. ಸಾಕುಮೊಲದ ಮೂಲ ಯುರೋಪಿನ ಬಿಲ ತೋಡುವ ಮೊಲ. ನಮ್ಮ ಹೊಲಗಳಲ್ಲಿ ಹಾರಿ ಓಡುವ ಕಾಡುಮೊಲ ಬೇರೆಯೇ ಜಾತಿ, ಅದು ಬಿಲ ತೋಡುವುದಿಲ್ಲ, ಪೊದೆಯಡಿ ಮಲಗುತ್ತದೆ. ಬಿಲದ ಮೊಲಕ್ಕೆ ದಾರಿಗಡ್ಡ ಬಂದ ಬೇರನ್ನು ಕಡಿದು ಹಾಕುವುದು ದಿನದ ಕೆಲಸ. ಸೋಫಾ ಹಿಂದಿನ ಇಕ್ಕಟ್ಟಿನಲ್ಲಿ ಗೋಡೆಗುಂಟ ಹೋಗುವ ವೈರು ಅದಕ್ಕೆ ಬೇರಿನಂತೆಯೇ. ಇದನ್ನು ಬಿಡಿಸಲು ಆಗದು, ವೈರು ಮುಚ್ಚುವುದೊಂದೇ ದಾರಿ.

ಸೋಫಾ ಒಳಗೆ ಹೋಗಿ ಕೂರುವುದೂ ಬಿಲದ ಹುಡುಕಾಟವೇ. ಅಲ್ಲಿನ ಆತಂಕ ಸೋಫಾದ್ದಲ್ಲ, ಫೋಮ್ ಮತ್ತು ನೂಲಿನದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ್ದು ಹಿಂದಿನಿಂದಲೇ ಹೋಗಬೇಕು, ಇಲ್ಲವೇ ಕರುಳು ಕಟ್ಟಿಕೊಳ್ಳುತ್ತದೆ. ಹಿಕ್ಕೆ ನೂಲಿನಲ್ಲಿ ಪೋಣಿಸಿದಂತೆ ಸರವಾಗಿ ಬರುತ್ತಿದೆಯೇ, ಬಿಡಿಸಿದರೆ ಒಳಗೆ ಹುಲ್ಲಿನ ನಾರಿದೆಯೇ, ಬಣ್ಣದ ಎಳೆಯಿದೆಯೇ ನೋಡಿ. ಸೋಫಾದ ತಳಕ್ಕೆ ಹೊಸ ಬಟ್ಟೆ ಹೊಡೆಸಿದರೆ ಒಂದು ರಾತ್ರಿಯ ಮಾತು. ಅಡಿಯ ಜಾಗವನ್ನೇ ಸುತ್ತಲೂ ಹಲಗೆಯಿಂದ ಮುಚ್ಚಿ, ಅಥವಾ ಅಂಚು ಮಡಚಿದ ವೆಲ್ಡ್‌ಮೆಶ್ ಹೊಡೆಸಿ. ಪ್ಲೈವುಡ್ ಬೇಡ, ಅದನ್ನೂ ಕಡಿಯುತ್ತದೆ, ಅಂಟು ಹೊಟ್ಟೆಗೆ ಹೋಗುತ್ತದೆ. ಮುಚ್ಚಿದ ದಿನವೇ ಬದಲಿ ಬಿಲ ಕೊಡಬೇಕು. ಎರಡು ಕಡೆ ಬಾಗಿಲು ಕೊಯ್ದ ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ಟೇಪು, ಸ್ಟೇಪಲ್ ಪಿನ್ನು ಕಿತ್ತಿರಿ, ಒಳಗೆ ಹುಲ್ಲು ತುಂಬಿರಿ. ಬಾಗಿಲು ಒಂದೇ ಇದ್ದರೆ ಹಲವು ಮೊಲಗಳು ಹೋಗಲು ಹಿಂಜರಿಯುತ್ತವೆ, ತಪ್ಪಿಸಿಕೊಳ್ಳುವ ದಾರಿ ಬೇಕು ಅವಕ್ಕೆ. ಕೆರೆಯುವ ಚಟಕ್ಕೆ ಇನ್ನೊಂದು ಪೆಟ್ಟಿಗೆಯಲ್ಲಿ ಹರಿದ ಸಾದಾ ಕಾಗದ, ಒಣಹುಲ್ಲು, ಅದರಡಿ ನಾಲ್ಕು ಪೆಲೆಟ್ ಹುದುಗಿಸಿಡಿ.

ಗೋಡೆಯ ಮೂಲೆ ಅದು ಅಗೆಯುವ ಜಾಗ. ಪುಟ್ಟಿ ಚೂರು ಒಂದಿಷ್ಟು ಹೊಟ್ಟೆಗೆ ಹೋದರೆ ದೊಡ್ಡ ಅಪಾಯವಿಲ್ಲ, ಬಣ್ಣ ಹೋದರೆ ಇದೆ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಬಣ್ಣ, ಅದರಲ್ಲೂ ಬಾಗಿಲು ಕಿಟಕಿಗೆ ಬಳಿದ ಎನಾಮೆಲ್ ಇದ್ದರೆ ಮೊಲಕ್ಕೆ ಸಿಗದಂತೆ ಮುಚ್ಚಿ. ಮೂಲೆಗೆ ಎರಡು ಸೆರಾಮಿಕ್ ಟೈಲ್ ಅಂಟಿಸಿದರೆ ಕೆರೆಯಲೂ ಆಗದು, ಕಡಿಯಲೂ ಆಗದು. ಮಂಕಾಗಿ, ತಿನ್ನುವುದು ಕಮ್ಮಿಯಾಗಿ, ಬಣ್ಣ ತಿಂದದ್ದೂ ಗೊತ್ತಿದ್ದರೆ ರಕ್ತದಲ್ಲಿ ಸೀಸ ಪರೀಕ್ಷೆ ಆಗಬೇಕು.

ಪಂಜರದ ಸರಳು ಕಡಿಯುವುದು ಬೇರೆ ಬಗೆ. ‘ಬಿಡಿ ನನ್ನನ್ನು’ ಎಂದು ಅದು ಕೇಳುವ ರೀತಿ. ಮೊಲ ಚುರುಕಾಗುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ಅದು ಬೀಗದೊಳಗೆ. ಸದ್ದು ತಡೆಯಲಾರದೆ ಎದ್ದು ಬಾಗಿಲು ತೆಗೆದರೆ, ಕ್ಯಾರೆಟ್ ಎಸೆದರೆ, ಕಡಿದರೆ ಸಿಗುತ್ತದೆಂಬುದನ್ನು ನೀವೇ ಕಲಿಸಿದಂತೆ. ಹಾಗಂತ ಕಿವಿ ಮುಚ್ಚಿಕೊಂಡು ಮಲಗುವುದೂ ಪರಿಹಾರವಲ್ಲ. ಕಬ್ಬಿಣ ಕಡಿದು ಬಾಚಿಹಲ್ಲು ಮುರಿಯುತ್ತದೆ, ಸಾಲು ತಪ್ಪುತ್ತದೆ. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆ ಜೋಡಿ ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಸದಾ ಇರಬೇಕೆನ್ನುತ್ತದೆ. ನಮ್ಮ ಫ್ಲ್ಯಾಟುಗಳಲ್ಲಿ ಅಷ್ಟು ಕಷ್ಟ, ಒಪ್ಪುತ್ತೇನೆ. ಆದರೆ ಅಂಗಡಿಯವರು ಮೊಲದ ಪಂಜರವೆಂದು ಮಾರುವ ಎರಡಡಿ ಪೆಟ್ಟಿಗೆ ಪ್ರಯಾಣಕ್ಕೆ ಆಗಬಹುದು, ವಾಸಕ್ಕಲ್ಲ. ನಾಯಿಮರಿಗೆಂದು ಸಿಗುವ, ಮೂರಡಿ ಎತ್ತರದ ಮಡಚುವ ಜಾಲರಿ ಬೇಲಿಯನ್ನು ಹಾಲಿನ ಮೂಲೆಗೆ ಹಾಕಿ ಅದರೊಳಗೆ ಪೆಟ್ಟಿಗೆ, ಹುಲ್ಲು, ನೀರಿನ ಬಟ್ಟಲು, ಹಿಕ್ಕೆ ತಟ್ಟೆ ಇಡಿ. ದಿನಕ್ಕೆ ಮೂರು ನಾಲ್ಕು ಗಂಟೆ ಹೊರಗೆ ಬಿಡಿ. ಮುಖ್ಯವಾಗಿ, ಕಡಿಯತೊಡಗುವ ಮುಂಚೆ ಬಿಡಿ. ಐದೂವರೆಗೆ ಶುರು ಮಾಡುತ್ತದೆ ಎಂದರೆ ಐದೂಕಾಲಿಗೆ ಬಾಗಿಲು ತೆಗೆಯಿರಿ.

ಈ ನಾಲ್ಕಕ್ಕೂ ಹಿನ್ನೆಲೆಯಲ್ಲಿರುವುದು ಹುಲ್ಲು. ಹೊಟ್ಟೆ ತುಂಬ ಪೆಲೆಟ್ ತಿಂದ ಮೊಲದ ಊಟ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹುಲ್ಲು ತಿನ್ನುವ ಮೊಲ ದಿನದ ಬಹುಪಾಲು ಜಗಿಯುತ್ತಲೇ ಇರುತ್ತದೆ. ಬಾಯಿಗೆ ಕೆಲಸವಿಲ್ಲದ ಆ ಗಂಟೆಗಳೇ ನಿಮ್ಮ ಸೋಫಾ ಮೇಲೆ ತೀರುತ್ತಿರುವುದು. ತಿನ್ನುವುದರಲ್ಲಿ ಹತ್ತಕ್ಕೆ ಎಂಟು ಪಾಲು ಹುಲ್ಲಿರಬೇಕು.

ಆದರೆ ಹುಲ್ಲು ‘ಅಷ್ಟಾಗಿ ಮುಟ್ಟುವುದಿಲ್ಲ’ ಎಂದಿರಿ. ಬೇಡವೆಂದೋ ಆಗದೆಂದೋ ಮೊದಲು ತಿಳಿಯಬೇಕು. ಗದ್ದ ಒದ್ದೆಯಾಗಿದೆಯೇ, ಕಣ್ಣು ಸೋರುತ್ತದೆಯೇ, ಸೊಪ್ಪು ಬಾಯಿಗೆ ಹಾಕಿ ಅರ್ಧಕ್ಕೆ ಬೀಳಿಸುತ್ತದೆಯೇ? ತುಟಿ ಮೆಲ್ಲಗೆ ಎತ್ತಿ ನೋಡಿ, ಮೇಲಿನ ಬಾಚಿಹಲ್ಲು ಕೆಳಗಿನದರ ಮುಂದೆ ಬಂದು ಕೂತಿರಬೇಕು. ಇವುಗಳಲ್ಲಿ ಒಂದು ತಪ್ಪಿದ್ದರೂ ಪೆಲೆಟ್ ಕಡಿಮೆ ಮಾಡುವ ಮುನ್ನ ವೈದ್ಯರಿಂದ ಒಳಹಲ್ಲು ನೋಡಿಸಿ. ಹಲ್ಲುನೋವಿರುವ ಮೊಲದ ಪೆಲೆಟ್ ನಿಲ್ಲಿಸಿದರೆ ಉಪವಾಸ ಬೀಳುತ್ತದೆ.

ಬಾಯಿ ಸರಿಯಿದ್ದರೆ ಮೂರು ನಾಲ್ಕು ವಾರಗಳಲ್ಲಿ ಪೆಲೆಟ್ ಇಳಿಸುತ್ತಾ ಬನ್ನಿ. ಆರೇಳು ತಿಂಗಳಾದ ಮೇಲೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 25 ಗ್ರಾಂ ಸಾಕು, ಎರಡು ಕಿಲೋ ಮೊಲಕ್ಕೆ 50 ಗ್ರಾಂ. ಬಟ್ಟಲಿನ ಲೆಕ್ಕ ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮೊಲವನ್ನೂ ವಾರಕ್ಕೊಮ್ಮೆ ತೂಗಿ. ಕ್ಯಾರೆಟ್ ಬೆರಳ ತುದಿಯಷ್ಟು ಚೂರು, ಅದೂ ಬಹುಮಾನವಾಗಿ. ಹುಲ್ಲನ್ನು ಹಿಕ್ಕೆ ತಟ್ಟೆಯ ಒಂದು ತುದಿಗೇ ಇಡಿ. ನಮಗೆ ಮುಜುಗರವೆನಿಸಬಹುದು, ಮೊಲಕ್ಕೆ ಹಿಕ್ಕೆ ಹಾಕುತ್ತಾ ಮೇಯುವುದೇ ಸಹಜ.

ಯಾವ ಹುಲ್ಲು? ಅಂಗಡಿಯ ಟಿಮೊತಿ ಒಳ್ಳೆಯದು, ದುಬಾರಿ. ನಮ್ಮ ಕಡೆಯ ಗರಿಕೆಯನ್ನು ನೆರಳಲ್ಲಿ ಒಣಗಿಸಿದರೆ ಬಹಳ ಮೊಲಗಳು ಸಂತೋಷವಾಗಿ ತಿನ್ನುತ್ತವೆ. ಔಷಧಿ ಹೊಡೆಯದ, ನಾಯಿ ಓಡಾಡದ ಜಾಗದ್ದಾಗಿರಬೇಕು. ರಾಗಿ ಹುಲ್ಲು ಒರಟು, ಸತ್ವ ಕಡಿಮೆ, ಆದರೂ ಎಲೆಯಿರುವ ಭಾಗವನ್ನು ಬೆರೆಸಬಹುದು. ಮುಗ್ಗಲು ವಾಸನೆ ಬಂದರೆ ಬಿಸಾಕಿ. ಭತ್ತದ ಹುಲ್ಲು ಹಾಸಿಗೆಗೆ ಆಗಲಿ. ಕುದುರೆ ಮಸಾಲೆ ಸೊಪ್ಪು ಬೆಳೆಯುವ ಮರಿಗೆ ಸರಿ, ಆರು ತಿಂಗಳ ಮೇಲೆ ಅದರ ಕ್ಯಾಲ್ಸಿಯಂ ಹೆಚ್ಚಾಗುತ್ತದೆ. ಹೊಸದನ್ನು ಏನೇ ಕೊಟ್ಟರೂ ವಾರ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ.

ಕಡಿಯಲು ಕಟ್ಟಿಗೆಯೂ ಇರಲಿ, ಹಲ್ಲಿಗಾಗಿ ಅಲ್ಲ, ಬೇಸರಕ್ಕೆ. ಸೀಬೆ ಕೊಂಬೆ ಒಳ್ಳೆಯದು. ರೇಷ್ಮೆ ಬೆಳೆಯುವವರ ಪರಿಚಯವಿದ್ದರೆ ಹಿಪ್ಪುನೇರಳೆ ಕಡ್ಡಿಗಿಂತ ಉತ್ತಮವಾದದ್ದಿಲ್ಲ. ಎಲೆಯೂ ತಿನ್ನುತ್ತದೆ, ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿಯುತ್ತಾ ಕೂರುತ್ತದೆ. ಬೆರಳು ದಪ್ಪದ ಕಡ್ಡಿ ತೊಳೆದು, ಒಣಗಿಸಿ, ಅದು ತಪ್ಪು ವಸ್ತು ಕಡಿಯುವ ಜಾಗದ ಪಕ್ಕದಲ್ಲೇ ಇಡಿ. ಕಣಗಿಲೆ, ದೇವಕಣಗಿಲೆ, ಬೆಣ್ಣೆಹಣ್ಣು, ಲಂಟಾನ, ಹಾಲು ಬರುವ ಕಳ್ಳಿ ಇವು ವಿಷ. ಮನೆಯ ಹಾಲ್‌ನಲ್ಲಿ ಮನಿ ಪ್ಲಾಂಟ್, ಡೈಫನ್‌ಬೇಕಿಯಾ ಕುಂಡವಿದ್ದರೆ ಮೇಲಕ್ಕೆತ್ತಿ, ಬಾಯಿ ಊದಿಕೊಳ್ಳುತ್ತದೆ.

ಹೊಡೆಯುವುದು, ಕಿವಿ ಹಿಡಿದೆತ್ತುವುದು ಬೇಡವೇ ಬೇಡ. ಹೆದರಿದ ಮೊಲ ಹಿಂಗಾಲು ಝಾಡಿಸಿದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯುವುದುಂಟು. ಕಡಿಯುವಾಗ ಕಂಡರೆ ಒಮ್ಮೆ ಚಪ್ಪಾಳೆ ತಟ್ಟಿ, ನಿಲ್ಲಿಸಿದ ಕ್ಷಣ ಕಡ್ಡಿಯನ್ನೋ ಹುಲ್ಲನ್ನೋ ಮುಂದಿಡಿ. ಮನೆಯವರೆಲ್ಲ ಹೀಗೇ ಮಾಡಿದರೆ ಫಲ. ಒಬ್ಬರು ಗದರಿ ಇನ್ನೊಬ್ಬರು ಎತ್ತಿ ಮುದ್ದಾಡಿದರೆ ಇಲ್ಲ.

ಇನ್ನು ಆಪರೇಷನ್. ನಾಲ್ಕು ತಿಂಗಳವರೆಗೆ ಸಾಧುವಾಗಿದ್ದದ್ದು ಈಗ ಹೀಗಾಗಿದೆ ಎಂದರೆ ಪ್ರಾಯ ಬಂದಿದೆ. ಮೊದಲು ಗಂಡೋ ಹೆಣ್ಣೋ ಖಚಿತಪಡಿಸಿಕೊಳ್ಳಿ, ಅಂಗಡಿಯವರ ಮಾತು ಬಹಳ ಸಲ ತಪ್ಪಿರುತ್ತದೆ. ಈ ವಯಸ್ಸಿನ ಗಂಡಿಗೆ ಹಿಂಗಾಲುಗಳ ನಡುವೆ ಕೂದಲಿಲ್ಲದ ಉದ್ದನೆಯ ಎರಡು ಚೀಲಗಳು ಸಾಮಾನ್ಯವಾಗಿ ಕಾಣುತ್ತವೆ. ನೀವು ಹೇಳುವ ಅಗೆತ, ಬಿಲ ಹುಡುಕುವುದು ಹೆಣ್ಣಿನಲ್ಲಿ ಹೆಚ್ಚು. ಬಾಯಲ್ಲಿ ಹುಲ್ಲಿನ ಕಟ್ಟು ಹೊತ್ತು ಓಡಾಡುವುದು, ಎದೆಯ ಕೂದಲು ಕಿತ್ತು ಗೂಡು ಕಟ್ಟುವುದು ಕಂಡರೆ ಸುಳ್ಳು ಬಸಿರಿರಬಹುದು. ಅದು 16ರಿಂದ 18 ದಿನಕ್ಕೆ ತಾನಾಗಿ ಇಳಿಯುತ್ತದೆ, ಆ ದಿನಗಳಲ್ಲಿ ಗೂಡು ಕಿತ್ತು ಹಾಕಬೇಡಿ.

ಸಂತಾನಹರಣ ಮಾಡಿಸಿದರೆ ಹಾರ್ಮೋನಿನಿಂದ ಬರುವ ಪಾಲು, ಅಂದರೆ ಮೂತ್ರ ಸಿಂಪಡಿಸುವುದು, ಗೂಡಿನ ಅಗೆತ, ಸಿಡುಕು ಇವು ನಾಲ್ಕರಿಂದ ಎಂಟು ವಾರಗಳಲ್ಲಿ ಇಳಿಯುತ್ತವೆ. ವೈರು ಕಡಿಯುವುದು, ಇಕ್ಕಟ್ಟಿನ ಬೇಸರ ಇಳಿಯುವುದಿಲ್ಲ. ಕಡಿತ ನಿಲ್ಲಲೆಂದು ಮಾತ್ರ ಮಾಡಿಸುವುದಾದರೆ ನಿರಾಶೆಯಾದೀತು. ಹೆಣ್ಣಾಗಿದ್ದರೆ ಮಾಡಿಸಲು ಬೇರೆ, ಇನ್ನೂ ದೊಡ್ಡ ಕಾರಣವಿದೆ. ನಾಲ್ಕು ವರ್ಷ ದಾಟಿದ ಹೆಣ್ಣುಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಕೆಲವು ತಳಿಗಳಲ್ಲಿ ಅರ್ಧಕ್ಕೂ ಮಿಕ್ಕಿ.

ಅಪಾಯವನ್ನು ಮರೆಮಾಚಬಾರದು. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24, ಮೊಲಗಳಲ್ಲಿ ಶೇ 1.39 ಇತ್ತು. ಆರೋಗ್ಯವಂತ ಮೊಲಗಳನ್ನಷ್ಟೇ ತೆಗೆದುಕೊಂಡರೆ ಶೇ 0.73. ಸತ್ತವುಗಳಲ್ಲಿ ಹೆಚ್ಚಿನವು ಮೇಜಿನ ಮೇಲಲ್ಲ, ಆಮೇಲಿನ ಗಂಟೆಗಳಲ್ಲಿ ಸತ್ತವು. ಹಾಗಾಗಿ ವೈದ್ಯರನ್ನು ಆರಿಸುವುದೇ ಅರ್ಧ ಕೆಲಸ. ನಾಯಿ ಬೆಕ್ಕಿಗೆ ಒಳ್ಳೆಯ ಹೆಸರಿದ್ದರೆ ಸಾಲದು, ಮೊಲಗಳಿಗೆ ನಿಯಮಿತವಾಗಿ ಮಾಡುತ್ತಾರೆಯೇ ಎಂದು ನೇರವಾಗಿ ಕೇಳಿ. ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂದರೆ ಅನುಮಾನಿಸಿ. ವಾಂತಿ ಮಾಡದ ಪ್ರಾಣಿಗೆ ಉಪವಾಸ ಬೇಡ, ಉಪವಾಸದಿಂದ ಕರುಳು ನಿಲ್ಲುತ್ತದೆ. ಮನೆಗೆ ಕಳಿಸುವ ಮುನ್ನ ತಿಂದಿದೆಯೇ ನೋಡುತ್ತಾರೆಯೇ, ಕೆಲವು ದಿನಕ್ಕೆ ನೋವಿನ ಔಷಧಿ ಕೊಡುತ್ತಾರೆಯೇ ಎಂಬುದನ್ನೂ ಕೇಳಿ. ಊರಲ್ಲಿ ಅಂಥವರು ಸಿಗದಿದ್ದರೆ ಆತುರಪಟ್ಟು ಸಿಕ್ಕವರ ಕೈಗೆ ಕೊಡುವುದಕ್ಕಿಂತ ಒಂದೆರಡು ತಿಂಗಳು ಕಾದು ದೊಡ್ಡ ಊರಿಗೆ ಕರೆದೊಯ್ಯುವುದು ಮೇಲು.

ಜೊತೆಗೊಂದು ಮೊಲ ತಂದರೆ ಸರಿಹೋದೀತೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊಲಕ್ಕೆ ಜೊತೆ ಬೇಕು ನಿಜ, ಆದರೆ ಎರಡಕ್ಕೂ ಆಪರೇಷನ್ ಆದ ಮೇಲೆ. ಇಲ್ಲವಾದರೆ ಗಂಡು ಹೆಣ್ಣಿದ್ದರೆ ಒಂದು ತಿಂಗಳಿಗೆ ಮರಿಗಳು, ಹೆತ್ತ ದಿನವೇ ಮತ್ತೆ ಬಸಿರು. ಎರಡೂ ಗಂಡಾದರೆ ರಕ್ತ ಬರುವ ಜಗಳ. ಟೆರೇಸಿಗೆ ಬಿಡುವ ಯೋಚನೆಯೂ ಬೇಡ, ದಾವಣಗೆರೆಯ ಬೇಸಿಗೆ ಮೊಲ ತಡೆಯುವ ಸೆಕೆಯಲ್ಲ.

ವೈರು ಮುಚ್ಚಿ, ಜಾಗ ದೊಡ್ಡದು ಮಾಡಿ, ಹುಲ್ಲಿಗೆ ತಿರುಗಿಸಿದರೆ ಸರಳಿನ ಸದ್ದು ಎರಡು ಮೂರು ವಾರದಲ್ಲಿ ತಗ್ಗಬೇಕು. ಅಗೆತ ಇನ್ನೂ ಕೆಲವು ತಿಂಗಳು ಇರುತ್ತದೆ, ವರ್ಷ ತುಂಬುವ ಹೊತ್ತಿಗೆ ಬಹುಪಾಲು ಮೊಲಗಳು ತಣ್ಣಗಾಗುತ್ತವೆ. ಈ ನಡುವೆ ಬೆಳಿಗ್ಗೆ ಎದ್ದ ಕೂಡಲೇ ತಟ್ಟೆ ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಹಿಕ್ಕೆ ಚಿಕ್ಕದಾಗಿದ್ದರೆ, ಕಮ್ಮಿಯಾಗಿದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಎಂಟು ಹತ್ತು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಇಲ್ಲದೆ, ಬೆನ್ನು ಗೂನಾಗಿಸಿ ಮೂಲೆಯಲ್ಲಿ ಕೂತಿದ್ದರೆ ಮಧ್ಯರಾತ್ರಿಯಾದರೂ ಹೊರಡಿ. ಅದು ಹರಿದ ಬಟ್ಟೆಯ, ಕಡಿದ ವೈರಿನ ಒಂದು ಚೂರನ್ನೂ ಜೊತೆಗೆ ಒಯ್ಯಿರಿ. ಏನು ನುಂಗಿರಬಹುದು ಎಂಬುದು ಎಕ್ಸ್‌ರೇಯಲ್ಲಿ ಯಾವಾಗಲೂ ಕಾಣುವುದಿಲ್ಲ.